ಸಿಪ್ಪೆಯೊಳಗಿನ ಎಣ್ಣೆ, ಗೆರಟೆಯೊಳಗಿನ ಇದ್ದಿಲು

ಗೇರುಬೀಜದ ವ್ಯಾಪಾರದಲ್ಲಿ ಒಂದು ಮೂಟೆ ಎಂದರೆ 80 ಕಿಲೋ. ಮಾಲು ಒಳ್ಳೆಯದೋ ಅಲ್ಲವೋ ಎಂದು ನೋಡುವುದೂ ಈ ಮೂಟೆಯ ಲೆಕ್ಕದಲ್ಲೇ. ಒಂದು ಮೂಟೆ ಒಡೆದರೆ ಎಷ್ಟು ಪೌಂಡ್ ತಿರುಳು ಕೈಗೆ ಬರುತ್ತದೆ ಎಂಬುದಕ್ಕೆ ‘ಔಟ್‌ಟರ್ನ್’ ಎನ್ನುತ್ತಾರೆ. 48 ಪೌಂಡ್ ಬಂದರೆ ಒಳ್ಳೆಯ ಮಾಲು. ಕಿಲೋ ಲೆಕ್ಕದಲ್ಲಿ ಅದು 22ಕ್ಕಿಂತ ತುಸು ಕಡಿಮೆ. ಮೂಟೆಯಿಂದ ಈ ತಿರುಳನ್ನೂ ಅದರ ಮೇಲಿನ ಕೆಂಪು ಪೊರೆಯನ್ನೂ ಒಣಗುವಾಗ ಹಾರಿಹೋಗುವ ತೇವವನ್ನೂ ಕಳೆದ ಮೇಲೆ 50ರಿಂದ 55 ಕಿಲೋ ಉಳಿಯುತ್ತದೆ. ಅದಷ್ಟೂ ಸಿಪ್ಪೆ. ಗೇರುಬೀಜದ ಕಾರ್ಖಾನೆ ಲೆಕ್ಕದ ಪುಸ್ತಕದಲ್ಲಿ ತಿರುಳಿನ ಕಾರ್ಖಾನೆ; ತಕ್ಕಡಿಯಲ್ಲಿ ಸಿಪ್ಪೆಯ ಕಾರ್ಖಾನೆ.

ದಕ್ಷಿಣ ಕನ್ನಡದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳ ಮುಖ್ಯ ತೋಟದ ಬೆಳೆಗಳೆಲ್ಲ ಬಹುಮಟ್ಟಿಗೆ ಹೀಗೆಯೇ: ಒಳಗೆ ತಿರುಳು, ಹೊರಗೆ ಗಟ್ಟಿ ಕವಚ. ತೆಂಗಿಗೆ ಗೆರಟೆ, ಅಡಿಕೆಗೆ ನಾರಿನ ಸಿಪ್ಪೆ, ಗೇರಿಗೆ ಸೊನೆ ತುಂಬಿದ ಚಿಪ್ಪು. ತಿರುಳು ಪೇಟೆಗೆ ಹೋದ ಮೇಲೆ ಇವುಗಳ ಪಾಲಿಗೆ ಉಳಿಯುವುದು ಒಲೆ, ಇಲ್ಲವೆ ತೋಟದ ಮೂಲೆ. ಇದೇ ಸಿಪ್ಪೆಯನ್ನು ಗಾಳಿ ತಗಲದಂತೆ ಕಾಯಿಸಿದರೆ ಅದು ಇದ್ದಿಲಾಗಿ, ಎಣ್ಣೆಯಾಗಿ, ಉರಿಯುವ ಅನಿಲವಾಗಿ ಬೇರ್ಪಡುತ್ತದೆ. ಈ ಕ್ರಿಯೆಗೆ ಪೈರೋಲಿಸಿಸ್ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ‘ಪೈರ್’ ಎಂದರೆ ಬೆಂಕಿ, ‘ಲೈಸಿಸ್’ ಎಂದರೆ ಬಿಡಿಸುವುದು. ಕನ್ನಡದಲ್ಲಿ ಉಷ್ಣವಿಘಟನೆ ಎನ್ನಬಹುದು.

ಎಲ್ಲಿ ಎಷ್ಟು, ಯಾವಾಗ

ಗೇರು ಇಲ್ಲಿನ ಮೂಲ ಮರವಲ್ಲ. ಹದಿನಾರನೇ ಶತಮಾನದಲ್ಲಿ ಪೋರ್ಚುಗೀಸರು ಬ್ರೆಜಿಲ್‌ನಿಂದ ಪಶ್ಚಿಮ ಕರಾವಳಿಗೆ ತಂದ ಗಿಡ, ಮುರಕಲ್ಲಿನ ಗುಡ್ಡಗಳಲ್ಲಿ ಹೆಚ್ಚಿನ ಆರೈಕೆ ಕೇಳದೆ ಹಬ್ಬಿತು. 1920ರ ದಶಕದಲ್ಲಿ ಮಂಗಳೂರಿನಲ್ಲಿ ಗೇರುಬೀಜ ಸಂಸ್ಕರಣೆ ಉದ್ಯಮವಾಗಿ ಬೆಳೆಯತೊಡಗಿ, ಕ್ರಮೇಣ ಕಾರ್ಖಾನೆಗಳು ಒಳನಾಡಿಗೂ ಹರಡಿದವು. ಬೀಜದ ಕಾರ್ಖಾನೆ ಎಂದರೆ ಈ ಭಾಗದ ಸಾವಿರಾರು ಹೆಂಗಸರಿಗೆ ಮನೆಯ ಹತ್ತಿರದ ದುಡಿಮೆ. ಸ್ಥಳೀಯ ಬೀಜದ ಕೊಯ್ಲು ಫೆಬ್ರವರಿಯಿಂದ ಮೇವರೆಗಷ್ಟೆ. ಆದರೆ ಆಫ್ರಿಕಾದ ದೇಶಗಳಿಂದ ಹಸಿ ಬೀಜ ಆಮದಾಗುವುದರಿಂದ ಕಾರ್ಖಾನೆಗಳು ಮಳೆಗಾಲದಲ್ಲೂ ನಡೆಯುತ್ತವೆ. ಹಾಗಾಗಿ ಮೂರು ಸಿಪ್ಪೆಗಳ ಪೈಕಿ ವರ್ಷವಿಡೀ ಒಂದೇ ಕಡೆ ರಾಶಿಯಾಗಿ ಸಿಗುವುದು ಗೇರಿನದು ಮಾತ್ರ.

ಅಡಿಕೆ ಸಿಪ್ಪೆಯ ಕಥೆ ಬೇರೆ. ಹಣ್ಣಡಿಕೆಯ ತೂಕದಲ್ಲಿ ಶೇ. 60ರಿಂದ 80ರಷ್ಟು ಸಿಪ್ಪೆಯೇ. ದಕ್ಷಿಣ ಕನ್ನಡದ ಚಾಲಿ ಅಡಿಕೆಯನ್ನು ಸಿಪ್ಪೆಸಹಿತ ಅಂಗಳದಲ್ಲಿ 40–45 ದಿನ ಬಿಸಿಲಿಗೆ ಹರಡಿ, ಒಣಗಿದ ಮೇಲೆ ಸುಲಿಯುತ್ತಾರೆ. ಅಂದರೆ ಅಡಿಕೆ ಒಣಗುವ ಖರ್ಚಿನಲ್ಲೇ ಸಿಪ್ಪೆಯೂ ಒಣಗಿರುತ್ತದೆ. ಆದರೆ ಅದು ಒಂದು ಕಡೆ ಇಲ್ಲ. ಬಂಟ್ವಾಳ ತಾಲೂಕಿನ ವಿಟ್ಲದ ಕಡೆಯಿಂದ ಬೆಳ್ತಂಗಡಿಯ ಘಟ್ಟದ ತಪ್ಪಲಿನವರೆಗೆ ಸಾವಿರಾರು ಮನೆಗಳ ಅಂಗಳದಲ್ಲಿ ಹಂಚಿಹೋಗಿದೆ. ಹಗುರ, ಜಾಗ ತಿನ್ನುವಂಥದು. ಒಂದು ಪಿಕಪ್ ತುಂಬಿಸಿದರೂ ತೂಕ ಬಾರದು.

ಗೆರಟೆ ಇವೆರಡರ ನಡುವಿನದು. ಎಣ್ಣೆಮಿಲ್ಲು, ಹೋಟೆಲು, ಮದುವೆ ಹಾಲ್‌ಗಳಲ್ಲಿ ಒಟ್ಟಿಗೆ ಸಿಗುತ್ತದೆ, ಮನೆಗಳಲ್ಲಿ ದಿನಕ್ಕೊಂದೆರಡು. ಬೆಳ್ತಂಗಡಿಯ ರಬ್ಬರ್ ತೋಟಗಳಲ್ಲಿ ಬೀಜದ ಚಿಪ್ಪೂ ಉದುರುತ್ತದೆ. ಆದರೆ ಅದನ್ನು ಹೆಕ್ಕುವ ಕೂಲಿಯೇ ದೊಡ್ಡದಾಗುವುದರಿಂದ ಸದ್ಯಕ್ಕೆ ಲೆಕ್ಕಕ್ಕಿಲ್ಲ.

ಉರಿಯುವುದು ಬೇರೆ, ಕಮರುವುದು ಬೇರೆ

ಅಡಿಕೆ ಕೃಷಿಕರ ಮನೆಯ ಬಚ್ಚಲ ಒಲೆಯ ಮುಂದೆ ಐದು ನಿಮಿಷ ಕುಳಿತರೆ ಪೈರೋಲಿಸಿಸ್‌ನ ಅರ್ಧ ಪಾಠ ಮುಗಿಯುತ್ತದೆ. ಹಂಡೆಯ ಕೆಳಗೆ ತುರುಕಿದ ಸಿಪ್ಪೆಯಿಂದ ಮೊದಲು ಏಳುವುದು ಬಿಳಿ ಹಬೆ; ಅದು ಬರೀ ನೀರು. ಆಮೇಲೆ ಕಣ್ಣು ಉರಿಸುವ ದಪ್ಪ ಹೊಗೆ. ಅದರ ಹಿಂದೆಯೇ ಭಗ್ಗನೆ ಜ್ವಾಲೆ. ಜ್ವಾಲೆ ಇಳಿದ ಮೇಲೆ ಕೆಂಡ, ಕೊನೆಗೆ ಬೂದಿ. ಸರಿಯಾಗಿ ನೋಡಿದರೆ ಜ್ವಾಲೆ ಸಿಪ್ಪೆಗೆ ಅಂಟಿಕೊಂಡಿರುವುದಿಲ್ಲ, ಸ್ವಲ್ಪ ಮೇಲೆ ಆಡುತ್ತಿರುತ್ತದೆ. ಅಲ್ಲಿ ಉರಿಯುತ್ತಿರುವುದು ಸಿಪ್ಪೆಯಲ್ಲ, ಬಿಸಿಗೆ ಸಿಪ್ಪೆ ಒಡೆದು ಹೊರಬಿಟ್ಟ ಹೊಗೆ. ಎಲ್ಲ ಸೌದೆಯ ಬೆಂಕಿಯಲ್ಲೂ ಮೊದಲು ನಡೆಯುವುದು ಈ ಒಡೆಯುವಿಕೆ. ಉರಿ ಅದರ ಮುಂದಿನ ಹಂತ.

ಉರಿಗೆ ಆಮ್ಲಜನಕ ಬೇಕು, ಒಡೆಯುವುದಕ್ಕೆ ಬೇಡ. ಮುಚ್ಚಿದ ಪಾತ್ರೆಯಲ್ಲಿಟ್ಟು ಹೊರಗಿನಿಂದ ಕಾಯಿಸಿದರೆ ಸಿಪ್ಪೆ ಹೊಗೆ ಬಿಡುತ್ತದೆ, ಹೊತ್ತಿಕೊಳ್ಳುವುದಿಲ್ಲ. ಆ ಹೊಗೆಯನ್ನು ಕೊಳವೆಯಲ್ಲಿ ಹೊರತಂದು ತಂಪು ಮಾಡಿದರೆ ಒಂದು ಭಾಗ ದ್ರವವಾಗಿ ಇಳಿಯುತ್ತದೆ. ಇಳಿಯದೆ ಉಳಿದದ್ದು ಅನಿಲ: ಕಾರ್ಬನ್ ಮಾನಾಕ್ಸೈಡ್, ಜಲಜನಕ, ಮೀಥೇನ್, ಜೊತೆಗೆ ಉರಿಯದ ಕಾರ್ಬನ್ ಡೈಆಕ್ಸೈಡ್. ಪಾತ್ರೆಯ ತಳದಲ್ಲಿ ಉಳಿಯುವುದು ಇದ್ದಿಲು.

ಸಸ್ಯದ ಗಟ್ಟಿ ಭಾಗವೆಲ್ಲ ಮುಖ್ಯವಾಗಿ ಮೂರು ವಸ್ತುಗಳಿಂದಾದದ್ದು. ನಾರಿನ ಎಳೆ ಸೆಲ್ಯುಲೋಸ್, ಎಳೆಗಳನ್ನು ಸುತ್ತಿ ಹಿಡಿಯುವ ಹೆಮಿಸೆಲ್ಯುಲೋಸ್, ಎಲ್ಲವನ್ನೂ ಗಾರೆಯಂತೆ ಗಟ್ಟಿ ಮಾಡುವ ಲಿಗ್ನಿನ್. ಬಿಸಿಗೆ ಮೊದಲು ಸೋಲುವುದು ಹೆಮಿಸೆಲ್ಯುಲೋಸ್, ಸುಮಾರು 220ರಿಂದ 315 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಸೆಲ್ಯುಲೋಸ್ 315ರಿಂದ 400ರ ನಡುವೆ ಒಡೆಯುತ್ತದೆ. ಲಿಗ್ನಿನ್ 160ರಲ್ಲೇ ಸಡಿಲಗೊಳ್ಳಲು ಶುರುವಾದರೂ 900 ಡಿಗ್ರಿವರೆಗೂ ಜಗ್ಗಾಡುತ್ತದೆ; ಇದ್ದಿಲಿನ ಬಹುಪಾಲು ಅದರಿಂದಲೇ ಬರುತ್ತದೆ. ಗೆರಟೆಯಲ್ಲಿ ಲಿಗ್ನಿನ್ ಜಾಸ್ತಿ, ಹಾಗಾಗಿ ಅದರ ಇದ್ದಿಲು ಗಟ್ಟಿ. ಅಡಿಕೆ ಸಿಪ್ಪೆಯಲ್ಲಿ ಹೆಮಿಸೆಲ್ಯುಲೋಸ್ ಜಾಸ್ತಿ, ಅದರ ಇದ್ದಿಲು ಬೆರಳಲ್ಲಿ ಹಿಸುಕಿದರೆ ಪುಡಿ.

ಕಾಯಿಸುವ ವೇಗವೂ ಫಲವನ್ನು ಬದಲಿಸುತ್ತದೆ. ಗಂಟೆಗಟ್ಟಲೆ ನಿಧಾನವಾಗಿ ಕಾಯಿಸಿದರೆ ಒಣತೂಕದ ಸುಮಾರು ಮೂರನೇ ಒಂದು ಭಾಗ ಇದ್ದಿಲಾಗುತ್ತದೆ. ಅದೇ ವಸ್ತುವನ್ನು ನುಣ್ಣಗೆ ಪುಡಿ ಮಾಡಿ 500 ಡಿಗ್ರಿಗೆ ಥಟ್ಟನೆ ಏರಿಸಿ, ಹೊಗೆಯನ್ನು ಎರಡು ಸೆಕೆಂಡಿನೊಳಗೆ ತಂಪು ಮಾಡಿದರೆ ಮುಕ್ಕಾಲು ಭಾಗದವರೆಗೂ ದ್ರವ ಸಿಗುತ್ತದೆ. ಬೇಕಾದದ್ದು ಇದ್ದಿಲೋ ಎಣ್ಣೆಯೋ ಎಂಬುದನ್ನು ಮೊದಲೇ ತೀರ್ಮಾನಿಸಿ ಯಂತ್ರ ಕಟ್ಟಬೇಕು. ಎರಡನ್ನೂ ಗರಿಷ್ಠ ಪ್ರಮಾಣದಲ್ಲಿ ಕೊಡುವ ಯಂತ್ರವಿಲ್ಲ.

ಗೇರು ಸಿಪ್ಪೆ: ಎಣ್ಣೆಯೇ ಮೊದಲು

ಗೇರು ಸಿಪ್ಪೆಯನ್ನು ಅಡ್ಡ ಕತ್ತರಿಸಿದರೆ ಹೊರಗೊಂದು ತೊಗಲು, ಒಳಗೊಂದು ಗಟ್ಟಿ ಪದರ, ನಡುವೆ ಜೇನುಗೂಡಿನಂಥ ಕೋಶಗಳು ಕಾಣುತ್ತವೆ. ಆ ಕೋಶಗಳ ತುಂಬ ಕಂದು ಬಣ್ಣದ ಅಂಟು ಸೊನೆ. ಸಿಪ್ಪೆಯ ತೂಕದಲ್ಲಿ ಇದರ ಪಾಲು ಶೇ. 20ರಿಂದ 25. ಚರ್ಮಕ್ಕೆ ತಾಗಿದರೆ ಸುಟ್ಟಂತೆ ಬೊಬ್ಬೆ ಏಳುತ್ತದೆ. ಬೀಜ ಒಡೆಯುವ ಹೆಂಗಸರು ಕೈಗೆ ಬೂದಿಯನ್ನೋ ಎಣ್ಣೆಯನ್ನೋ ಸವರಿಕೊಳ್ಳುವುದು ಈ ಕಾರಣಕ್ಕೆ. ಮಾವಿನ ಸೊನೆ, ಕಾಡಿನ ಚೇರು ಮರದ ಸೊನೆ ಮಾಡುವ ಉಪದ್ರವವೂ ಇದೇ ಜಾತಿಯದು. ಮೂರೂ ಒಂದೇ ಕುಟುಂಬದ ಮರಗಳು. ದೋಣಿಯ ತಳಕ್ಕೆ, ಮನೆಯ ಮರಮಟ್ಟಿಗೆ ಈ ಎಣ್ಣೆ ಬಳಿದು ಒರಲೆ ಹತ್ತದಂತೆ ಕಾಪಾಡುವುದು ಕರಾವಳಿಯಲ್ಲಿ ಹಿಂದಿನಿಂದಲೂ ಇದೆ.

ರಸಾಯನಶಾಸ್ತ್ರದ ಕಣ್ಣಲ್ಲಿ ಈ ಸೊನೆ ಅಪರೂಪದ ವಸ್ತು. ಹಸಿ ಸೊನೆಯಲ್ಲಿ ಹೆಚ್ಚಿನ ಪಾಲು ಅನಕಾರ್ಡಿಕ್ ಆಮ್ಲ. 180ರಿಂದ 200 ಡಿಗ್ರಿಗೆ ಕಾಯಿಸಿದಾಗ ಅದು ಕಾರ್ಬನ್ ಡೈಆಕ್ಸೈಡ್ ಬಿಟ್ಟುಕೊಟ್ಟು ಕಾರ್ಡನಾಲ್ ಆಗುತ್ತದೆ. ಕಾರ್ಡನಾಲ್‌ನ ಒಂದು ತುದಿ ಫೀನಾಲಿನ ಉಂಗುರ. ಅದಕ್ಕೆ 15 ಇಂಗಾಲದ ಉದ್ದನೆಯ ಬಾಲ. ಉಂಗುರವಿರುವುದರಿಂದ ಅದು ರಾಳವಾಗಿ ಗಟ್ಟಿಯಾಗಬಲ್ಲದು, ಬಾಲವಿರುವುದರಿಂದ ಗಟ್ಟಿಯಾದ ಮೇಲೂ ತುಸು ಬಾಗಬಲ್ಲದು, ನೀರನ್ನು ದೂರವಿಡಬಲ್ಲದು. ಪೆಟ್ರೋಲಿಯಂನಿಂದ ಬರುವ ಸಾದಾ ಫೀನಾಲಿಗೆ ಈ ಬಾಲವಿಲ್ಲ. ವಾಹನಗಳ ಬ್ರೇಕ್ ಲೈನಿಂಗ್, ಹಡಗಿನ ಬಣ್ಣ, ಎಪಾಕ್ಸಿ ಗಟ್ಟಿಯಾಗಿಸುವ ದ್ರಾವಣ, ವಾರ್ನಿಷ್‌ಗಳಲ್ಲಿ ಕಾರ್ಡನಾಲ್ ಸೇರಿಕೊಂಡಿದೆ. ಮಂಗಳೂರಿನ ವಿಶೇಷ ಆರ್ಥಿಕ ವಲಯದಲ್ಲಿ ಕಾರ್ಡೊಲೈಟ್ ಕಂಪನಿಯ ಘಟಕ ನೆಲೆಯೂರಿರುವುದು ಈ ಎಣ್ಣೆಯನ್ನು ನಂಬಿಕೊಂಡು.

ಸಿಪ್ಪೆಯಿಂದ ಎಣ್ಣೆ ತೆಗೆಯುವ ದಾರಿ ಬೀಜವನ್ನು ಒಡೆಯಲು ಹದ ಮಾಡುವ ವಿಧಾನಕ್ಕೆ ಅಂಟಿಕೊಂಡಿದೆ. ಹಿಂದೆ ಬೀಜವನ್ನು ಕಬ್ಬಿಣದ ಉರುಳೆಯಲ್ಲಿ ನೇರವಾಗಿ ಹುರಿಯುತ್ತಿದ್ದರು. ಎಣ್ಣೆಯ ದೊಡ್ಡ ಪಾಲು ಅಲ್ಲೇ ಹೊತ್ತಿಕೊಂಡು ಕಪ್ಪು ಹೊಗೆಯಾಗಿ ಹೋಗುತ್ತಿತ್ತು. ಬಿಸಿ ಎಣ್ಣೆಯ ತೊಟ್ಟಿಯಲ್ಲಿ ಬೀಜ ಮುಳುಗಿಸುವ ಕ್ರಮ ಬಂದಾಗ ಸಿಪ್ಪೆಯ ಎಣ್ಣೆ ತೊಟ್ಟಿಯ ಎಣ್ಣೆಗೇ ಸೇರತೊಡಗಿತು. ಈಗ ಹೆಚ್ಚು ಚಾಲ್ತಿಯಲ್ಲಿರುವುದು ಹಬೆಯಲ್ಲಿ ಬೇಯಿಸುವ ಕ್ರಮ. ಇದರಲ್ಲಿ ಎಣ್ಣೆ ಸಿಪ್ಪೆಯಲ್ಲೇ ಉಳಿಯುತ್ತದೆ. ಸಿಪ್ಪೆ ಎಣ್ಣೆಮಿಲ್ಲಿಗೆ ಹೋಗಿ ಎಕ್ಸ್‌ಪೆಲ್ಲರಿನಲ್ಲಿ ಹಿಂಡಿಸಿಕೊಂಡು, ಹಿಂಡಿಯಾಗಿ ಬಾಯ್ಲರುಗಳಿಗೂ ಗೂಡುಗಳಿಗೂ ಸೌದೆಯಾಗುತ್ತದೆ.

ಪೈರೋಲಿಸಿಸ್ ಈ ಸರಪಳಿಯಲ್ಲಿ ಎರಡು ಕಡೆ ಹೊಂದಿಕೊಳ್ಳಬಲ್ಲದು: ಹಿಂಡುವುದರ ಬದಲಿಗೆ, ಇಲ್ಲವೆ ಹಿಂಡಿದ ಮೇಲೆ. ಮೊದಲನೆಯದರ ಬಗ್ಗೆ ಭಾರತದಲ್ಲೇ ನಡೆದ ಒಂದು ಮುಖ್ಯ ಪ್ರಯೋಗ ಮುಂಬೈ ಐಐಟಿಯ ಪಿಯಾಲಿ ದಾಸ್ ಮತ್ತು ಅನುರಾಧಾ ಗಣೇಶ್ ಅವರದು. ಫಲಿತಾಂಶ 2003ರಲ್ಲಿ ಪ್ರಕಟವಾಯಿತು. ಸಿಪ್ಪೆಯನ್ನು ಸುಮಾರು 175 ಡಿಗ್ರಿವರೆಗೆ ಕಾಯಿಸಿದಾಗ ಮೊದಲ ಎಣ್ಣೆ ತಾನಾಗಿ ಬಸಿಯುತ್ತದೆ. ಅದನ್ನು ತೆಗೆದ ಮೇಲೆ ಉಳಿದ ಸಿಪ್ಪೆಯನ್ನು ಗಾಳಿ ಹೀರಿ ತೆಗೆದ ಪಾತ್ರೆಯಲ್ಲಿ 400ರಿಂದ 550 ಡಿಗ್ರಿಗೆ ಕೊಂಡೊಯ್ದರೆ ಎರಡನೇ ಎಣ್ಣೆ, ಜೊತೆಗೆ ಉರಿಯದ ನೀರಿನಂಥ ದ್ರವ ಸಿಗುತ್ತದೆ. ಈ ಎಣ್ಣೆಯ ಉಷ್ಣಮೌಲ್ಯ ಕಿಲೋಗೆ 40 ಮೆಗಾಜೂಲ್, ಅದರಲ್ಲಿ ನೀರಿನ ಅಂಶ ಶೇ. 3ರಿಂದ 3.5 ಮಾತ್ರ.

ಈ ಅಂಕಿಗಳ ತೂಕ ತಿಳಿಯಲು ಸಾಮಾನ್ಯ ಮರದ ಪೈರೋಲಿಸಿಸ್ ಎಣ್ಣೆಯನ್ನು ಪಕ್ಕದಲ್ಲಿಡಬೇಕು. ಅದರಲ್ಲಿ ಶೇ. 15ರಿಂದ 30ರಷ್ಟು ನೀರು. ಉಷ್ಣಮೌಲ್ಯ 16ರಿಂದ 19 ಮೆಗಾಜೂಲ್, ಡೀಸೆಲ್ಲಿನ ಅರ್ಧಕ್ಕಿಂತಲೂ ಕಡಿಮೆ. ಹುಳಿ ಎಷ್ಟೆಂದರೆ ಕಬ್ಬಿಣವನ್ನು ತಿನ್ನುತ್ತದೆ, ಇಟ್ಟಲ್ಲೇ ಮಂದವಾಗುತ್ತ ಹೋಗುತ್ತದೆ, ಡೀಸೆಲ್ಲಿನೊಡನೆ ಬೆರೆಯುವುದಿಲ್ಲ. ಗೇರು ಸಿಪ್ಪೆಯ ಎಣ್ಣೆ ಡೀಸೆಲ್ಲಿನೊಡನೆ ಪೂರ್ತಿ ಬೆರೆಯಿತು, ತಾಮ್ರ ಮತ್ತು ಸ್ಟೇನ್‌ಲೆಸ್ ಸ್ಟೀಲನ್ನು ಹೆಚ್ಚು ಕೊರೆಯಲಿಲ್ಲ. ಕಾರಣ ಯಂತ್ರದ ಚಾತುರ್ಯವಲ್ಲ, ಸಿಪ್ಪೆಯೊಳಗೆ ಮೊದಲೇ ಇದ್ದ ಆ ಉದ್ದ ಬಾಲದ ಫೀನಾಲುಗಳು. ಹಾಗೆಂದು ಇದನ್ನು ಸುಡಲು ಬಳಸುವುದು ಜಾಣತನವೇ ಎಂಬ ಪ್ರಶ್ನೆ ಉಳಿಯುತ್ತದೆ. ಬ್ರೇಕ್ ಲೈನಿಂಗಿಗೂ ಹಡಗಿನ ಬಣ್ಣಕ್ಕೂ ಆಗುವ ವಸ್ತುವನ್ನು ಡೀಸೆಲ್ಲಿನ ಬೆಲೆಗೆ ಇಳಿಸಿದಂತಾಗುತ್ತದೆ. ಮೊದಲ ಎಣ್ಣೆ ರಸಾಯನ ಉದ್ಯಮಕ್ಕೆ, ಎರಡನೆಯದು ಗೂಡಿನ ಉರಿಗೆ, ಉಳಿದ ಇದ್ದಿಲು ಬೇರೆ ಕೆಲಸಕ್ಕೆ ಎಂದು ಹಂಚುವುದು ಹೆಚ್ಚು ಲಾಭದ ಕ್ರಮ.

ಗೆರಟೆ: ರಂಧ್ರಗಳ ಬೆಲೆ

ಗೆರಟೆಯ ಇದ್ದಿಲು ಹೊಸ ಸಂಗತಿಯಲ್ಲ. ಇಸ್ತ್ರಿ ಪೆಟ್ಟಿಗೆಯಲ್ಲೂ ಅಕ್ಕಸಾಲಿಗರ ಕುಲುಮೆಯಲ್ಲೂ ಅದು ಬಹಳ ಕಾಲದಿಂದ ಇದೆ. ಸಾಂಪ್ರದಾಯಿಕ ಕ್ರಮದಲ್ಲಿ ಗುಂಡಿ ತೋಡಿ, ತಳದಲ್ಲಿ ಸ್ವಲ್ಪ ಗೆರಟೆಗೆ ಬೆಂಕಿ ಕೊಟ್ಟು, ಮೇಲೆ ಮೇಲೆ ಹಾಕುತ್ತ ತುಂಬಿಸಿ, ಕೊನೆಗೆ ತಗಡು ಮತ್ತು ಮಣ್ಣಿನಿಂದ ಮುಚ್ಚುತ್ತಾರೆ. ತೆಂಗು ಅಭಿವೃದ್ಧಿ ಮಂಡಳಿಯ ಲೆಕ್ಕದ ಪ್ರಕಾರ ಸಾವಿರ ಇಡೀ ಗೆರಟೆಯಿಂದ ಸಿಗುವುದು ಸರಾಸರಿ 35 ಕಿಲೋ ಇದ್ದಿಲು. ಒಂದು ಟನ್ ಇದ್ದಿಲಿಗೆ ಸುಮಾರು 30,000 ಗೆರಟೆ ಬೇಕು.

ಇದ್ದಿಲಿನ ನಿಜವಾದ ಬೆಲೆ ಅದನ್ನು ಇನ್ನೊಂದು ಸುತ್ತು ಕಾಯಿಸಿದ ಮೇಲೆ. 900 ಡಿಗ್ರಿಗೂ ಮೀರಿದ ಬಿಸಿಯಲ್ಲಿ ಅದರ ಮೇಲೆ ನೀರಿನ ಹಬೆ ಹಾಯಿಸಿದರೆ ಹಬೆ ಇಂಗಾಲದ ಒಂದು ಭಾಗವನ್ನು ಕೊರೆದು ಒಯ್ಯುತ್ತದೆ. ಉಳಿದ ಭಾಗದ ತುಂಬ ಕಣ್ಣಿಗೆ ಕಾಣದ ರಂಧ್ರಗಳು, ಹೆಚ್ಚಿನವು ಎರಡು ನ್ಯಾನೋಮೀಟರಿಗಿಂತ ಸಣ್ಣವು. ಒಂದು ಗ್ರಾಂ ಇದ್ದಿಲಿನ ಒಳಮೈಯನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 1,000 ಚದರ ಮೀಟರ್ ಆಗುತ್ತದೆ. ಕಾಲು ಎಕರೆ ಗದ್ದೆಯಷ್ಟು. ಇದೇ ಸಕ್ರಿಯ ಇಂಗಾಲ, ಆಕ್ಟಿವೇಟೆಡ್ ಕಾರ್ಬನ್. ಒಂದು ಟನ್ ಸಕ್ರಿಯ ಇಂಗಾಲಕ್ಕೆ ಸುಮಾರು ಮೂರು ಟನ್ ಗೆರಟೆ ಇದ್ದಿಲು ಖರ್ಚಾಗುತ್ತದೆ. ಮಾರುವವರು ಮಾರುವುದು, ಒಂದು ಲೆಕ್ಕದಲ್ಲಿ, ಹೋದ ಇಂಗಾಲ ಬಿಟ್ಟುಹೋದ ರಂಧ್ರಗಳನ್ನು.

ಸಣ್ಣ ಅಣುಗಳನ್ನು ಹಿಡಿಯಲು ಗೆರಟೆಯ ರಂಧ್ರಗಳಷ್ಟು ಹೊಂದುವಂಥವು ಕಡಿಮೆ. 1915ರ ಏಪ್ರಿಲ್‌ನಲ್ಲಿ ಬೆಲ್ಜಿಯಂನ ಈಪ್ರ್ ರಣಾಂಗಣದಲ್ಲಿ ಜರ್ಮನ್ ಸೇನೆ ಕ್ಲೋರಿನ್ ಅನಿಲ ಬಿಟ್ಟ ನಂತರ ವಿಷಾನಿಲದ ಮುಖವಾಡಗಳಿಗೆ ಇದ್ದಿಲು ಬೇಕಾಯಿತು. ಆಗ ಅತ್ಯುತ್ತಮ ಎನಿಸಿದ್ದು ಗೆರಟೆಯದು. ಗೆರಟೆ ಸಾಲದೆ ಅಮೆರಿಕದಲ್ಲಿ ಪೀಚ್ ಹಣ್ಣಿನ ಓಟೆಗಳನ್ನು ಜನರಿಂದ ಒಟ್ಟುಮಾಡಿಸಿದರು. ಇಂದು ಮನೆಯ ವಾಟರ್ ಫಿಲ್ಟರಿನಲ್ಲಿ ಕ್ಲೋರಿನ್ ವಾಸನೆ ಹೀರುವುದೂ, ಚಿನ್ನದ ಗಣಿಗಳಲ್ಲಿ ಸಯನೈಡ್ ದ್ರಾವಣದಿಂದ ಚಿನ್ನವನ್ನು ಹೀರಿಕೊಳ್ಳುವುದೂ ಅದೇ. ಆದರೆ ಸಕ್ರಿಯ ಇಂಗಾಲದ ಕುಲುಮೆ ಸಣ್ಣ ಬಂಡವಾಳಕ್ಕೆ ದಕ್ಕುವುದಲ್ಲ. ತಾಲೂಕು ಮಟ್ಟದಲ್ಲಿ ಆಗಬಹುದಾದದ್ದು ಒಳ್ಳೆಯ ಇದ್ದಿಲು ತಯಾರಿ: ಮಣ್ಣು ಸೇರದ, ಅರೆಬೆಂದ ಚೂರುಗಳಿಲ್ಲದ, ತಣಿಸಲು ನೀರು ಹಾಕದ ಇದ್ದಿಲು.

ಅಡಿಕೆ ಸಿಪ್ಪೆ: ಸುಡುಮಣ್ಣಿನ ಮುಂದಿನ ಹೆಜ್ಜೆ

ದಕ್ಷಿಣ ಕನ್ನಡದ ಕೃಷಿಕರಿಗೆ ‘ಸುಡುಮಣ್ಣು’ ಎಂದರೆ ವಿವರಿಸಬೇಕಿಲ್ಲ. ತರಗೆಲೆ, ಕಡ್ಡಿ, ಸಿಪ್ಪೆಗಳನ್ನು ರಾಶಿ ಹಾಕಿ, ಮೇಲೆ ಮಣ್ಣು ಮುಚ್ಚಿ, ಬದಿಯಿಂದ ಬೆಂಕಿ ಕೊಟ್ಟು ಬಿಡುತ್ತಾರೆ. ರಾಶಿ ಹೊತ್ತಿ ಉರಿಯದೆ ದಿನಗಟ್ಟಲೆ ಒಳಗೊಳಗೇ ಹೊಗೆಯಾಡುತ್ತದೆ. ಆರಿದ ಮೇಲೆ ಸಿಗುವ ಕಪ್ಪು ಮಿಶ್ರಿತ ಮಣ್ಣನ್ನು ತರಕಾರಿ ಸಾಲಿಗೆ, ಮಲ್ಲಿಗೆ ಬುಡಕ್ಕೆ, ಸಸಿ ತುಂಬುವ ತೊಟ್ಟೆಗಳಿಗೆ ಹಾಕುತ್ತಾರೆ. ಮಣ್ಣಿನ ಹೊದಿಕೆ ಇಲ್ಲಿ ಮಾಡುವ ಕೆಲಸ ಗಾಳಿಯನ್ನು ತಡೆಯುವುದು. ಅಳತೆಯಿಲ್ಲದ, ಉಷ್ಣಮಾಪಕವಿಲ್ಲದ ಪೈರೋಲಿಸಿಸ್ ಅದು.

ಇದರ ಪರಿಷ್ಕೃತ ರೂಪವೇ ಬಯೋಚಾರ್: ಮಣ್ಣಿಗೆ ಸೇರಿಸಲೆಂದೇ ಮಾಡಿದ ಇದ್ದಿಲು. ಅಮೆಜಾನ್ ಕಾಡಿನಲ್ಲಿ ಅಲ್ಲಿನ ಮೂಲನಿವಾಸಿಗಳು ಶತಮಾನಗಳ ಹಿಂದೆ ಇದ್ದಿಲು, ಮೂಳೆ, ಕಸ ಸೇರಿಸಿ ಮಾಡಿದ ‘ತೆರಾ ಪ್ರೇತಾ’ ಎಂಬ ಕರಿಮಣ್ಣು ಇಂದಿಗೂ ಫಲವತ್ತಾಗಿದೆ. ಸೊಪ್ಪು ಗೊಬ್ಬರದ ಇಂಗಾಲ ಕೆಲವೇ ಮಳೆಗಾಲದಲ್ಲಿ ಕೊಳೆತು ಗಾಳಿಗೆ ಸೇರುತ್ತದೆ. ಇದ್ದಿಲಿನ ಇಂಗಾಲ ನೂರಾರು ವರ್ಷ ಮಣ್ಣಿನಲ್ಲೇ ಕೂರುತ್ತದೆ. ಹವಾಮಾನದ ಚರ್ಚೆಯಲ್ಲಿ ಬಯೋಚಾರ್ ಹೆಸರು ಕೇಳಿಬರುವುದು ಇದರಿಂದಲೇ.

ಈ ಭಾಗದ ಮಣ್ಣಿಗೆ ಅದು ಒಗ್ಗಲು ಬೇರೆ ಕಾರಣಗಳೂ ಇವೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆ ಇದು. ಮುರಕಲ್ಲಿನ ಕೆಂಪು ಮಣ್ಣು ಹುಳಿ ಜಾಸ್ತಿಯದು. ಹಾಕಿದ ಪೊಟ್ಯಾಷಿಯಂ, ಸುಣ್ಣದ ಅಂಶಗಳನ್ನು ಮಳೆ ತೊಳೆದು ಹೊಳೆಗೆ ಒಯ್ಯುತ್ತದೆ. ಇದ್ದಿಲು ಕ್ಷಾರೀಯ, ಹಾಗಾಗಿ ಹುಳಿಯನ್ನು ತುಸು ತಗ್ಗಿಸುತ್ತದೆ. ಅದರ ರಂಧ್ರಗಳು ನೀರನ್ನೂ ಪೋಷಕಾಂಶವನ್ನೂ ಹಿಡಿದಿಟ್ಟು ಬೇರಿಗೆ ನಿಧಾನವಾಗಿ ಬಿಡುತ್ತವೆ. ಅಡಿಕೆ ಸಿಪ್ಪೆಯಲ್ಲಿದ್ದ ಪೊಟ್ಯಾಷಿಯಂನ ದೊಡ್ಡ ಪಾಲು ಇದ್ದಿಲಿನಲ್ಲೇ ಉಳಿಯುವುದರಿಂದ ತೋಟದಿಂದ ಹೋದದ್ದು ತೋಟಕ್ಕೇ ಮರಳುತ್ತದೆ.

ಆದರೆ ಒಣ ಇದ್ದಿಲನ್ನು ನೇರವಾಗಿ ಬುಡಕ್ಕೆ ಸುರಿಯುವಂತಿಲ್ಲ. ಖಾಲಿ ರಂಧ್ರಗಳು ಮೊದಮೊದಲು ಮಣ್ಣಿನ ಸಾರಜನಕವನ್ನೇ ಹೀರಿ ಗಿಡವನ್ನು ಸೊರಗಿಸಬಲ್ಲವು. ಮೊದಲು ಅದನ್ನು ಉಣಿಸಬೇಕು. ಗೋಬರ್ ಗ್ಯಾಸಿನ ಸ್ಲರಿಯಲ್ಲಿ ನೆನೆಸುವುದು, ಹಟ್ಟಿಯಲ್ಲಿ ಸೊಪ್ಪಿನೊಡನೆ ಹಾಸಿ ಗೋಮೂತ್ರ ಕುಡಿಸುವುದು, ಕಾಂಪೋಸ್ಟ್ ಗುಂಡಿಗೆ ಪದರ ಪದರವಾಗಿ ಹಾಕುವುದು, ಎಲ್ಲವೂ ಆಗುತ್ತದೆ. ಹಟ್ಟಿ ಇರುವ ಮನೆಗೆ ಇದಕ್ಕಾಗಿ ಹೊಸ ಖರ್ಚಿಲ್ಲ.

ಡ್ರಮ್ಮಿನಿಂದ ರಿಟಾರ್ಟ್‌ವರೆಗೆ

ಅತಿ ಸರಳ ಯಂತ್ರ 200 ಲೀಟರಿನ ಹಳೆಯ ಕಬ್ಬಿಣದ ಡ್ರಮ್ಮು. ತಳದಲ್ಲಿ ಕೆಲವು ತೂತು, ಮೇಲೊಂದು ಮುಚ್ಚಳ, ಮುಚ್ಚಳಕ್ಕೊಂದು ಚಿಮಣಿ. ಸಿಪ್ಪೆ ತುಂಬಿ ಮೇಲಿನಿಂದ ಬೆಂಕಿ ಕೊಟ್ಟರೆ ಉರಿಯ ಪದರ ನಿಧಾನವಾಗಿ ಕೆಳಗಿಳಿಯುತ್ತದೆ; ಕೆಳಗಿನ ಸಿಪ್ಪೆ ಬಿಟ್ಟ ಹೊಗೆ ಮೇಲಿನ ಬಿಸಿಯಲ್ಲಿ ಉರಿದುಹೋಗುತ್ತದೆ. ಕೆಲಸ ಎಲ್ಲಿಗೆ ಬಂತೆಂದು ಹೊಗೆಯೇ ಹೇಳುತ್ತದೆ. ಬಿಳಿ ಹಬೆ ಬರುತ್ತಿದ್ದರೆ ತೇವ ಇನ್ನೂ ಇದೆ. ಹಳದಿ ಛಾಯೆಯ ದಪ್ಪ ಹೊಗೆ ಬಂದರೆ ಟಾರು ಹೊರಡುತ್ತಿದೆ. ತೆಳ್ಳಗೆ ನೀಲಿಯಾಗಿ, ಆಮೇಲೆ ಕಾಣದಂತಾದರೆ ಇದ್ದಿಲು ಹದವಾಗಿದೆ. ಆ ಹೊತ್ತಿಗೆ ತಳದ ತೂತುಗಳನ್ನೂ ಮುಚ್ಚಳದ ಸಂದನ್ನೂ ಹಸಿ ಮಣ್ಣಿನಿಂದ ಮೆತ್ತಿ ಬಿಡಬೇಕು. ಹತ್ತು ನಿಮಿಷ ತಡವಾದರೆ ಇದ್ದಿಲು ಬೂದಿಯಾಗತೊಡಗುತ್ತದೆ. ಅವಸರಪಟ್ಟು ಬೇಗ ಮುಚ್ಚಿದರೆ ಅರೆಬೆಂದು ಹೊಗೆಯಾಡುವ ಕಂದು ಚೂರು ಸಿಗುತ್ತದೆ. ಮರುದಿನ ಪೂರ್ತಿ ತಣಿದ ಮೇಲೆಯೇ ತೆರೆಯಬೇಕು.

ಡ್ರಮ್ಮಿನಲ್ಲಿ ಎಣ್ಣೆ, ಅನಿಲ ಎರಡೂ ನಷ್ಟ. ಅವನ್ನು ಹಿಡಿಯಲು ರಿಟಾರ್ಟ್ ಬೇಕು: ಮುಚ್ಚಿದ ಪಾತ್ರೆ, ಹೊರಗೆ ಕುಲುಮೆ, ಹೊಗೆ ಸಾಗುವ ಕೊಳವೆ, ತಂಪು ಮಾಡುವ ಕಂಡೆನ್ಸರ್. ತಂಪಾಗದೆ ಉಳಿದ ಅನಿಲವನ್ನು ಅದೇ ಕುಲುಮೆಗೆ ತಿರುಗಿಸುತ್ತಾರೆ. ಹಾಗಾಗಿ ಶುರು ಮಾಡಲು ಮಾತ್ರ ಹೊರಗಿನ ಸೌದೆ. ಒಮ್ಮೆ ಬಿಸಿ ಏರಿದರೆ ಸಿಪ್ಪೆಯೇ ತನ್ನನ್ನು ತಾನು ಬೇಯಿಸಿಕೊಳ್ಳುತ್ತದೆ. ಇನ್ನೂ ದೊಡ್ಡ ಪ್ರಮಾಣಕ್ಕೆ ತಿರುಪಿನ ಮೂಲಕ ಸಿಪ್ಪೆಯನ್ನು ಒಂದು ತುದಿಯಿಂದ ತಳ್ಳಿ ಇನ್ನೊಂದು ತುದಿಯಿಂದ ಇದ್ದಿಲು ತೆಗೆಯುವ, ನಿಲ್ಲದೆ ನಡೆಯುವ ಯಂತ್ರಗಳಿವೆ.

ಕಂಡೆನ್ಸರಿನಿಂದ ಇಳಿಯುವ ನೀರಿನಂಥ ಹುಳಿ ದ್ರವಕ್ಕೆ ಮರದ ವಿನೆಗರ್ ಎಂಬ ಹೆಸರಿದೆ. ಅದರಲ್ಲಿರುವುದು ಮುಖ್ಯವಾಗಿ ಅಸಿಟಿಕ್ ಆಮ್ಲ, ಮೆಥನಾಲ್, ಫೀನಾಲುಗಳು. ಇಂಡೊನೇಷ್ಯಾದಲ್ಲಿ ಚಿಪ್ಪುಗಳಿಂದ ಬಂದ ಇಂಥ ದ್ರವವನ್ನು ರಬ್ಬರ್ ಹಾಲು ಹೆಪ್ಪುಗಟ್ಟಿಸಲು ಬಳಸುತ್ತಾರೆ. ಬೆಳ್ತಂಗಡಿಯ ರಬ್ಬರ್ ಬೆಳೆಗಾರರು ಹಾಲನ್ನು ಹೆಪ್ಪುಗಟ್ಟಿಸಿ ಶೀಟು ಮಾಡಲು ಫಾರ್ಮಿಕ್ ಆಮ್ಲ ಕೊಳ್ಳುವವರಾದ್ದರಿಂದ ಇದು ಇಲ್ಲಿಯೂ ಪ್ರಯೋಗಕ್ಕೆ ತಕ್ಕ ಸಂಗತಿ.

ಪೈರೋಲಿಸಿಸ್‌ನ ಸೋದರ ತಂತ್ರ ಗ್ಯಾಸಿಫಿಕೇಶನ್. ಅಲ್ಲಿ ಗಾಳಿಯನ್ನು ಪೂರ್ತಿ ತಡೆಯದೆ ಅಳೆದು ಬಿಡುತ್ತಾರೆ. ಇದ್ದಿಲೂ ಸೇರಿ ಎಲ್ಲವೂ ಅನಿಲವಾಗುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಬರ ಬಂದಾಗ ಬಸ್ಸುಗಳ ಬೆನ್ನಿಗೆ ಕಟ್ಟಿದ ಇದ್ದಿಲಿನ ಒಲೆ ಮಾಡಿದ್ದು ಈ ಕೆಲಸ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಈ ತಂತ್ರವನ್ನು 1980ರ ದಶಕದಿಂದ ಬೆಳೆಸಿತು. ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ 1988ರಲ್ಲಿ ಸೌದೆಯ ಅನಿಲದಿಂದ ಹಳ್ಳಿಗೆ ವಿದ್ಯುತ್ ಕೊಟ್ಟು ತೋರಿಸಿತು. ಗೆರಟೆ ಗ್ಯಾಸಿಫೈಯರಿಗೆ ಒಳ್ಳೆಯ ಉರುವಲು. ಎಣ್ಣೆ ಇರುವ ಗೇರು ಸಿಪ್ಪೆ ಟಾರು ಕಾರಿ ಎಂಜಿನ್ ಕಟ್ಟಿಕೊಳ್ಳುವಂತೆ ಮಾಡುತ್ತದೆ. ಮೊದಲು ಎಣ್ಣೆ ತೆಗೆದಿರಬೇಕು.

ಎಚ್ಚರಿಕೆಗಳು

ಪೈರೋಲಿಸಿಸ್‌ನ ಅನಿಲದಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಶೆಡ್ಡಿನಲ್ಲಿ ಅದು ಪ್ರಾಣಕ್ಕೇ ಎರವಾಗುತ್ತದೆ. ಕೆಲಸ ತೆರೆದ ಮಾಡಿನಡಿ ನಡೆಯಬೇಕು. ಅರೆಬಿಸಿ ಇದ್ದಿಲನ್ನು ಗೋಣಿಗೆ ತುಂಬಿದರೆ ಗಾಳಿ ತಾಗಿ ತಾನಾಗಿ ಹೊತ್ತಿಕೊಳ್ಳಬಹುದು. ಗೇರು ಸಿಪ್ಪೆಯ ಹೊಗೆ ಕಣ್ಣು, ಚರ್ಮ, ಶ್ವಾಸಕೋಶಗಳಿಗೆ ಕಟು. ಹಿಂಡದ ಸಿಪ್ಪೆಯನ್ನು ಡ್ರಮ್ಮಿನಲ್ಲಿ ಹಾಕುವುದು ಸಲ್ಲದು. ಕಂಡೆನ್ಸರಿನ ಟಾರಿನಲ್ಲಿ ಕ್ಯಾನ್ಸರಿಗೆ ಕಾರಣವಾಗುವ ವಸ್ತುಗಳೂ ಇರುತ್ತವೆ. ಅದನ್ನು ತೋಡಿಗೆ ಬಿಟ್ಟರೆ ಒಂದು ತ್ಯಾಜ್ಯ ತೆಗೆದು ಇನ್ನೊಂದನ್ನು ಸೃಷ್ಟಿಸಿದಂತೆ.

ತೇವ, ದೂರ, ಬೆಲೆ

ಸಿಪ್ಪೆಗಳಿಗೆ ಬೆಲೆಯೇ ಇಲ್ಲ ಎಂದು ಹೊರಟವರ ಲೆಕ್ಕ ತಪ್ಪುತ್ತದೆ. ಗೇರು ಸಿಪ್ಪೆಗೆ ಎಣ್ಣೆಮಿಲ್ಲು ಗಿರಾಕಿ, ಹಿಂಡಿಗೆ ಬಾಯ್ಲರು, ಗೆರಟೆಗೆ ಇದ್ದಿಲು ವ್ಯಾಪಾರಿ, ಕೊಬ್ಬರಿ ಒಣಗಿಸುವ ಗೂಡಿಗೂ ಗೆರಟೆಯೇ ಉರುವಲು. ಪೈರೋಲಿಸಿಸ್ ಈ ಗಿರಾಕಿಗಳಿಗಿಂತ ಹೆಚ್ಚು ಕೊಡುವಂತಾದಾಗ ಮಾತ್ರ ನಿಲ್ಲುತ್ತದೆ.

ಎರಡನೆಯ ಲೆಕ್ಕ ತೇವದ್ದು. ಒಂದು ಕಿಲೋ ನೀರನ್ನು ಬಿಸಿ ಮಾಡಿ ಹಬೆಯಾಗಿಸಲು ಸುಮಾರು 2.6 ಮೆಗಾಜೂಲ್ ಶಾಖ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಯಲಲ್ಲಿಟ್ಟ ಸಿಪ್ಪೆ ತನ್ನ ಶಾಖದ ದೊಡ್ಡ ಪಾಲನ್ನು ತನ್ನನ್ನು ಒಣಗಿಸಲಿಕ್ಕೇ ಕಳೆಯುತ್ತದೆ. ಯಂತ್ರಕ್ಕಿಂತ ಮೊದಲು ಬೇಕಾದದ್ದು ಸಿಪ್ಪೆಗೊಂದು ಸೂರು. ಮೂರನೆಯದು ದೂರ. ಸಿಪ್ಪೆಯನ್ನು ಇದ್ದಿಲು ಮಾಡಿದರೆ ತೂಕ ಮೂರನೇ ಒಂದಕ್ಕೆ ಇಳಿಯುತ್ತದೆ. ಆದ್ದರಿಂದ ಹಗುರವಾದ ಅಡಿಕೆ ಸಿಪ್ಪೆಯನ್ನು ಹೊತ್ತೊಯ್ಯುವ ಬದಲು ಅಂಗಳದ ಪಕ್ಕದಲ್ಲೇ ಬೇಯಿಸಿ ತೋಟಕ್ಕೇ ಹಾಕುವುದು ಸರಿ. ಗೆರಟೆಗೆ ಸಂಗ್ರಹದ ಜಾಲ ಬೇಕು. 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಚದುರಿದ ಅಂಗಳಗಳ ಅಡಿಕೆಯನ್ನು ಒಂದೇ ತಕ್ಕಡಿಗೆ ತಂದ ಕ್ರಮ ಅದಕ್ಕೆ ಮಾದರಿಯಾಗಬಲ್ಲದು. ಗೇರು ಸಿಪ್ಪೆ ಈಗಾಗಲೇ ಕಾರ್ಖಾನೆಯ ಅಂಗಳದಲ್ಲೇ ಇದೆ. ದೊಡ್ಡ ರಿಟಾರ್ಟಿಗೆ ತಕ್ಕ ಜಾಗ ಅದು.

ಪರೀಕ್ಷಿಸಿ ನೋಡಲು ಬೇಕಾದ ಸಂಸ್ಥೆಗಳೂ ಹತ್ತಿರದಲ್ಲೇ ಇವೆ. ವಿಟ್ಲದಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ, ಪುತ್ತೂರಿನಲ್ಲಿ 1986ರಲ್ಲಿ ಆರಂಭವಾದ ಗೇರು ಸಂಶೋಧನಾ ಕೇಂದ್ರ, ಮಿಜಾರು ಮತ್ತು ಉಜಿರೆಯಲ್ಲಿ ಇಂಜಿನಿಯರಿಂಗ್ ಕಾಲೇಜುಗಳು.

ಗೇರಿನ 80 ಕಿಲೋ ಮೂಟೆಯ ಲೆಕ್ಕವನ್ನು ಈಗ ಪೂರ್ತಿ ಬರೆಯಬಹುದು. ತಿರುಳು 22 ಕಿಲೋ. ಸಿಪ್ಪೆ 52 ಕಿಲೋ ಎಂದಿಟ್ಟುಕೊಂಡು, ಐದನೇ ಒಂದು ಭಾಗ ಎಣ್ಣೆ ತೆಗೆದರೆ ಅದು 10 ಕಿಲೋ ಚಿಲ್ಲರೆ. ಉಳಿದ 42 ಕಿಲೋ ಹಿಂಡಿಯನ್ನು ನಿಧಾನವಾಗಿ ಬೇಯಿಸಿದರೆ ಇದ್ದಿಲು ಸುಮಾರು 12 ಕಿಲೋ. ಮಿಕ್ಕ 30 ಕಿಲೋ ಅನಿಲವಾಗಿ, ದ್ರವವಾಗಿ ಹೊರಡುತ್ತದೆ. ಅನಿಲ ಮೊದಲು ರಿಟಾರ್ಟಿನ ಕುಲುಮೆಗೆ, ಹೆಚ್ಚಾದದ್ದು ಮುಂದಿನ ಮೂಟೆಯ ಬೀಜ ಬೇಯಿಸುವ ಬಾಯ್ಲರಿಗೆ.